ಓದಿದ ವಾಕ್ಯವೇ ಪ್ರಾರ್ಥನೆಯಾಗಲಿ

ಬೆಳಿಗ್ಗೆ ಬೈಬಲಿನ ಒಂದು ಅಧ್ಯಾಯ ಓದಿ, ಪುಸ್ತಕ ಮುಚ್ಚಿಟ್ಟು, ಆಮೇಲೆ ಮೊಣಕಾಲೂರಿ ಪ್ರಾರ್ಥಿಸುವ ರೂಢಿ ಎಷ್ಟೋ ಕ್ರೈಸ್ತ ಮನೆಗಳಲ್ಲಿದೆ. ಒಳ್ಳೆಯ ರೂಢಿಯೇ. ಆದರೆ ಓದಿಗೂ ಪ್ರಾರ್ಥನೆಗೂ ನಂಟೇ ಇಲ್ಲದಿರುವುದು ಹೆಚ್ಚು. ಅಂದು ಓದಿದ್ದು ಲೂಕನ ಸುವಾರ್ತೆಯ 17ನೇ ಅಧ್ಯಾಯ: ಗುಣವಾದ ಹತ್ತು ಕುಷ್ಠರೋಗಿಗಳಲ್ಲಿ ಒಬ್ಬ ಮಾತ್ರ ಕೃತಜ್ಞತೆ ಹೇಳಲು ಹಿಂದಿರುಗಿದ ಪ್ರಸಂಗ. ಪ್ರಾರ್ಥಿಸಿದ್ದು ಮಗನ ಕಾಲೇಜು ಸೀಟು, ಮಗಳ ಮದುವೆ, ಮನೆಸಾಲ, ಮಂಡಿನೋವು. ಕೃತಜ್ಞತೆಯ ಒಂದು ಮಾತೂ ಇಲ್ಲ!

ಕೇಳಿಕೊಂಡದ್ದರಲ್ಲಿ ತಪ್ಪಿಲ್ಲ. ಆದರೆ ನಿನ್ನೆಯೂ ಅದೇ ಪಟ್ಟಿ, ನಾಳೆಯೂ ಅದೇ ಪಟ್ಟಿ. ಕೆಲವೇ ತಿಂಗಳಲ್ಲಿ ಬಾಯಿ ತಾನಾಗಿ ಆಡುತ್ತಿರುತ್ತದೆ, ಮನಸ್ಸು ಅಡುಗೆಮನೆಯಲ್ಲೋ ಆಫೀಸಿನಲ್ಲೋ ಇರುತ್ತದೆ. ಏನನ್ನು ಪ್ರಾರ್ಥಿಸಬೇಕೆಂಬುದನ್ನು ಅಂದು ಓದಿದ ಭಾಗವೇ ಗೊತ್ತುಮಾಡಲಿ. ಮನೆಯ ಪಟ್ಟಿ ಅದರ ಹಿಂದೆ ಬರಲಿ. ದಾರಿ ಇಷ್ಟೇ.

ಇದು ಹೊಸದೇನಲ್ಲ. ಮೀನಿನ ಹೊಟ್ಟೆಯಲ್ಲಿ ಯೋನ ಮಾಡಿದ ಪ್ರಾರ್ಥನೆಯ ತುಂಬ ಕೀರ್ತನೆಗಳ ಮಾತುಗಳಿವೆ. ಮರಿಯಳ ಸ್ತುತಿಯಲ್ಲಿ ಸಮುವೇಲನ ತಾಯಿ ಹನ್ನಳ ಹಾಡು ಮರುದನಿಸುತ್ತದೆ. ಶಿಲುಬೆಯ ಮೇಲೆ ಯೇಸುಸ್ವಾಮಿ ಕೂಗಿದ್ದು 22ನೇ ಕೀರ್ತನೆಯ ಮೊದಲ ಸಾಲನ್ನು. 12ನೇ ಶತಮಾನದಲ್ಲಿ ಎರಡನೇ ಗೀಗೊ ಎಂಬ ಕಾರ್ಥೂಸಿಯನ್ ಸಂನ್ಯಾಸಿ ಓದು, ಧ್ಯಾನ, ಪ್ರಾರ್ಥನೆ, ಮೌನದರ್ಶನ ಎಂಬ ನಾಲ್ಕು ಮೆಟ್ಟಿಲುಗಳನ್ನು ವಿವರಿಸಿದ. 1535ರಲ್ಲಿ ಮಾರ್ಟಿನ್ ಲೂಥರ್ ತನ್ನ ಕ್ಷೌರಿಕ ಪೀಟರನಿಗಾಗಿ ಪ್ರಾರ್ಥನೆಯ ಸರಳ ವಿಧಾನವನ್ನು ಪುಟ್ಟ ಪುಸ್ತಕವಾಗಿ ಬರೆದುಕೊಟ್ಟ. ಶಾಸ್ತ್ರದ ಓದಿನ ಜೊತೆ ಪ್ರಾರ್ಥನೆಯೂ ಇರಬೇಕೆಂದು ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸಾರಿತು. ಹೀಗಾಗಿ ಇದು ಒಂದೇ ಸಭೆಯ ಸೊತ್ತಲ್ಲ.

ಹೆಜ್ಜೆ 1: ಭಾಗವನ್ನು ಹಿಂದಿನ ರಾತ್ರಿಯೇ ಗೊತ್ತುಮಾಡಿ

ಕಣ್ಣು ಮುಚ್ಚಿ ಪುಟ ತೆರೆದು ಬೆರಳಿಡುವುದು ಬೇಡ. ಒಂದು ಪುಸ್ತಕ ಹಿಡಿದು ಕ್ರಮವಾಗಿ ಸಾಗಿ. ಹೊಸಬರಿಗೆ ಮಾರ್ಕನ ಸುವಾರ್ತೆ ಅನುಕೂಲ. 16 ಅಧ್ಯಾಯ, ದಿನಕ್ಕೆ ಹತ್ತು ವಚನದಂತೆ ಎರಡು ತಿಂಗಳಿಗಿಂತ ತುಸು ಹೆಚ್ಚು ಹಿಡಿಯುತ್ತದೆ. ಕಥೋಲಿಕರಿಗೆ ದಿನದ ಪೂಜೆಯ ವಾಚನಗಳು ಸಿದ್ಧವಾಗಿಯೇ ಇವೆ: ಭಾನುವಾರಗಳದ್ದು ಮೂರು ವರ್ಷದ ಚಕ್ರ, ವಾರದ ದಿನಗಳದ್ದು ಎರಡು ವರ್ಷದ ಚಕ್ರ. ಕೀರ್ತನೆಗಳಿಂದ ಶುರುಮಾಡುವವರು 13, 23, 121, 130 ಇವುಗಳನ್ನು ಆರಿಸಿಕೊಳ್ಳಲಿ. ಯಾವುದೂ ಎಂಟು ವಚನ ಮೀರುವುದಿಲ್ಲ. 176 ವಚನಗಳ 119ನೇ ಕೀರ್ತನೆಯನ್ನು ಒಂದೇ ಬೆಳಗಿನಲ್ಲಿ ಮುಗಿಸುವ ಹಟ ಬೇಡ.

ಹೆಜ್ಜೆ 2: ಎರಡು ಸಲ, ಗಟ್ಟಿಯಾಗಿ

ಮೊದಲ ಸಲ ಪ್ರಸಂಗವೇನೆಂದು ತಿಳಿಯಲು, ಎರಡನೇ ಸಲ ಯಾವ ಮಾತು ಮನಸ್ಸಿಗೆ ತಾಗುತ್ತದೆಂದು ಕಾಣಲು. ಹಳೆಯ ಕನ್ನಡ ಅನುವಾದದ ಉದ್ದ ವಾಕ್ಯಗಳು ಕಣ್ಣೋದಿಗಿಂತ ಬಾಯೋದಿಗೆ ಬೇಗ ಬಿಡಿಸಿಕೊಳ್ಳುತ್ತವೆ. ಆಗಲೂ ಅರ್ಥವಾಗದಿದ್ದರೆ ಸರಳ ಅನುವಾದವೊಂದನ್ನು ಪಕ್ಕಕ್ಕಿಟ್ಟುಕೊಳ್ಳಿ. ಮೊಬೈಲಿನ ಬೈಬಲ್ ಪ್ರಯಾಣಕ್ಕೆ ಸರಿ. ಮನೆಯಲ್ಲಿ ಮುದ್ರಿತ ಪುಸ್ತಕವೇ ಇರಲಿ, ಏಕೆಂದರೆ ವಾಟ್ಸ್ಆ್ಯಪ್ ಸಂದೇಶ ಇಣುಕಿದ ಮೇಲೆ ಪ್ರಾರ್ಥನೆಗೆ ಮರಳುವವರು ಕಡಿಮೆ.

ಹೆಜ್ಜೆ 3: ಹಿಂದೆ ಮುಂದೆ ಓದಿ

ಅತಿ ಹೆಚ್ಚು ಜನ ಎಡವುವುದು ಇಲ್ಲೇ. ಡಿಸೆಂಬರ್ 31ರ ರಾತ್ರಿಯ ಆರಾಧನೆಯಲ್ಲಿ ವಾಗ್ದಾನದ ಕಾರ್ಡು ಎತ್ತುವ ಪದ್ಧತಿ ನಮ್ಮ ಅನೇಕ ಸಭೆಗಳಲ್ಲಿದೆ. ಆ ಕಾರ್ಡುಗಳಲ್ಲಿ ಬಲು ಪ್ರಿಯವಾದದ್ದು ಯೆರೆಮೀಯ 29:11. ದೇವರು ತನ್ನ ಜನರಿಗೆ ಕೇಡನ್ನಲ್ಲ, ಹಿತವನ್ನು ಬಯಸುತ್ತಾನೆಂಬ ಭರವಸೆ ಅದರಲ್ಲಿದೆ. ಫ್ರಿಜ್ಜಿನ ಬಾಗಿಲ ಮೇಲೆ ಅಂಟಿಸಿ, ಈ ವರ್ಷವೇ ಕೆಲಸ, ಈ ವರ್ಷವೇ ವೀಸಾ ಎಂದು ಅದನ್ನು ಹಿಡಿದು ಪ್ರಾರ್ಥಿಸುತ್ತಾರೆ. ಡಿಸೆಂಬರ್ ಬಂದಾಗ ಕೆಲಸ ಸಿಕ್ಕಿರದಿದ್ದರೆ, ದೇವರು ಮಾತು ತಪ್ಪಿದನೋ ತಮ್ಮ ನಂಬಿಕೆಯೇ ಕಡಿಮೆಯಾಯಿತೋ ಎಂದು ಒಳಗೊಳಗೇ ಕುಗ್ಗುತ್ತಾರೆ. ಹೀಗೆ ಮನಸ್ಸು ಮುರಿದು ಆರಾಧನೆಗೇ ಬರುವುದನ್ನು ಬಿಟ್ಟವರಿದ್ದಾರೆ.

ಒಂದೇ ಒಂದು ವಚನ ಹಿಂದಕ್ಕೆ ಹೋಗಿದ್ದರೆ ಈ ಸಂಕಟ ತಪ್ಪುತ್ತಿತ್ತು. 10ನೇ ವಚನ ಹೇಳುವುದು 70 ವರ್ಷದ ಲೆಕ್ಕವನ್ನು. ಅಧ್ಯಾಯ ಮೊದಲಿನಿಂದ ಓದಿದರೆ ಅದೊಂದು ಪತ್ರವೆಂದು ತಿಳಿಯುತ್ತದೆ; ನೆಬೂಕದ್ನೆಚ್ಚರನು ಬಾಬೆಲಿಗೆ ಸೆರೆಯೊಯ್ದ ಜನರಿಗೆ ಯೆರೆಮೀಯನು ಯೆರೂಸಲೇಮಿನಿಂದ ಕಳುಹಿಸಿದ್ದು. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿಸಿ, ಆ ಪರಊರಿನ ಕ್ಷೇಮಕ್ಕಾಗಿಯೇ ಪ್ರಾರ್ಥಿಸಿ ಎನ್ನುತ್ತದೆ ಪತ್ರ. ಹಿಂದಿನ ಅಧ್ಯಾಯವನ್ನೂ ನೋಡಿದರೆ ಹನನ್ಯನೆಂಬ ಪ್ರವಾದಿ ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆಂದು ಸಾರುತ್ತಿದ್ದಾನೆ. ಜನರಿಗೆ ಹಿತವಾದ ಆ ಮಾತು ಸುಳ್ಳೆಂದು ಯೆರೆಮೀಯ ಅವನ ಮುಖಕ್ಕೇ ಹೇಳುತ್ತಾನೆ. ಅಂದರೆ ಕಾರ್ಡು ಹಿಡಿದವರು ಯೆರೆಮೀಯನ ವಚನದಿಂದ ಹನನ್ಯನ ಪ್ರಾರ್ಥನೆ ಮಾಡುತ್ತಿದ್ದಾರೆ.

ಪತ್ರವನ್ನು ಪೂರ್ತಿ ಓದಿದವರ ಪ್ರಾರ್ಥನೆ ಬೇರೆಯೇ ಆಗುತ್ತದೆ. ಊರು ಬಿಟ್ಟು ಬೆಂಗಳೂರಿಗೋ ದುಬೈಗೋ ಹೋದವರು, ಕರೆದೊಯ್ಯಪ್ಪಾ ಎನ್ನುವ ಮುಂಚೆ, ಇರುವ ಬೀದಿಯ ನೆರೆಹೊರೆಗಾಗಿ, ಆ ನಗರದ ಪೌರಕಾರ್ಮಿಕರಿಗಾಗಿ, ಕಾಯುವ ತಾಳ್ಮೆಗಾಗಿ ಬೇಡಬಹುದು. ಭರವಸೆ ಅಲ್ಲೇ ಇದೆ, ಜೊತೆಗೆ ಅದಕ್ಕೆ ವಿಳಾಸವೂ ಸಿಕ್ಕಿದೆ. ಎಲ್ಲವನ್ನೂ ಮಾಡಬಲ್ಲೆನೆಂಬ ಫಿಲಿಪ್ಪಿ 4:13 ಕೂಡ ಇಂಥದ್ದೇ. ಪರೀಕ್ಷೆಯ ದಿನ ಅದನ್ನು ಹಾಲ್ ಟಿಕೆಟ್ಟಿನ ಹಿಂದೆ ಬರೆದುಕೊಳ್ಳುತ್ತಾರೆ. ಹಿಂದಿನ ವಚನದಲ್ಲಿ ಪೌಲ ಹೇಳುತ್ತಿರುವುದು ಹಸಿವನ್ನೂ ಹೊಟ್ಟೆತುಂಬಿದ ದಿನವನ್ನೂ ಒಂದೇ ಮನಸ್ಸಿನಿಂದ ಎದುರಿಸುವುದನ್ನು, ಅದೂ ಸೆರೆಯಲ್ಲಿದ್ದುಕೊಂಡು.

ಕಾರ್ಡು ಎಸೆಯಬೇಕಾಗಿಲ್ಲ. ಮನೆಗೆ ತಂದ ದಿನವೇ ಅದರ ಅಧ್ಯಾಯವನ್ನು ಪೂರ್ತಿ ಓದಿ, ಯಾರು, ಯಾರಿಗೆ, ಯಾವಾಗ ಹೇಳಿದ್ದೆಂದು ಕಾರ್ಡಿನ ಹಿಂಬದಿಯಲ್ಲಿ ಬರೆದಿಡಿ. ಬೈಬಲ್ ವಚನವೆಂದ ಮಾತ್ರಕ್ಕೆ ಬಳಕೆ ಸರಿಯಾಗುವುದಿಲ್ಲ: ಮತ್ತಾಯನ 4ನೇ ಅಧ್ಯಾಯದಲ್ಲಿ ಸೈತಾನನೂ 91ನೇ ಕೀರ್ತನೆಯನ್ನು ಉದ್ಧರಿಸುತ್ತಾನೆ.

ಹೆಜ್ಜೆ 4: ನಾಲ್ಕು ಪ್ರಶ್ನೆ ಕೇಳಿ

ಇದು ಲೂಥರನ ವಿಧಾನ. ಪ್ರತಿ ಭಾಗವನ್ನೂ ಅವನು ನಾಲ್ಕು ಎಳೆಯ ಮಾಲೆಯಾಗಿ ಹೆಣೆಯುತ್ತಿದ್ದ: ಇದು ಕಲಿಸುವುದೇನು, ಯಾವುದಕ್ಕೆ ಕೃತಜ್ಞತೆ, ಏನನ್ನು ಅರಿಕೆ ಮಾಡಬೇಕು, ಏನನ್ನು ಬೇಡಬೇಕು. ಮಾರ್ಕ 10:46ರಿಂದ 52ರವರೆಗಿನ ಏಳು ವಚನಗಳಲ್ಲಿ ಪ್ರಯತ್ನಿಸಿ. ಯೆರಿಕೋವಿನ ದಾರಿಬದಿ, ಕುರುಡ ಭಿಕ್ಷುಕ ಬಾರ್ತಿಮಾಯ. ಜನ ಗದರಿದಷ್ಟೂ ಜೋರಾಗಿ ಕೂಗುತ್ತಾನೆ. ಯೇಸು ನಿಂತು ಕರೆಸುತ್ತಾರೆ, ಏನು ಮಾಡಬೇಕೆಂದು ಕೇಳುತ್ತಾರೆ.

ಕಲಿಸುವುದು: ಗುಂಪಿನ ಗದ್ದಲದಲ್ಲೂ ಒಬ್ಬನ ಕೂಗಿಗೆ ಯೇಸು ನಿಂತರು. ಕೃತಜ್ಞತೆ: ಇಂದು ನನ್ನ ಮಾತಿಗೆ ಕಿವಿಗೊಟ್ಟ ಒಬ್ಬರಿಗಾಗಿ, ಹೆಸರು ಹಿಡಿದು. ಅರಿಕೆ: ಯಾರನ್ನೋ ಸುಮ್ಮನಿರು ಎಂದು ಗದರಿದ ಗುಂಪಿನಲ್ಲಿ ನಾನೂ ಇದ್ದೆನೇ? ಬೇಡಿಕೆಗೆ ಬರುವಾಗ ಮತ್ತೆ ಹಿಂದಿನ ವಚನಗಳಿಗೆ ಹೋಗಿ. ಅದೇ ಅಧ್ಯಾಯದ 36ನೇ ವಚನದಲ್ಲಿ ಯೇಸು ಇದೇ ಪ್ರಶ್ನೆಯನ್ನು ಯಾಕೋಬ ಮತ್ತು ಯೋಹಾನರಿಗೆ ಕೇಳಿದ್ದರು. ಅವರು ಬೇಡಿದ್ದು ಎಡಬಲದ ಗದ್ದುಗೆ. ಕುರುಡ ಬೇಡಿದ್ದು ದೃಷ್ಟಿ. ಇಂದು ನಾನು ಬೇಡುತ್ತಿರುವುದು ಎರಡರಲ್ಲಿ ಯಾವುದು? ಮಗನ ಸೀಟು, ಮನೆಸಾಲ ಎಲ್ಲವನ್ನೂ ಈಗ ಹೇಳಿಕೊಳ್ಳಿ. ಪಟ್ಟಿ ಅದೇ ಇದ್ದರೂ ಕೇಳುವ ಧಾಟಿ ಬದಲಾಗಿರುತ್ತದೆ.

ಒಂದು ಎಳೆಯಲ್ಲೇ ಮನಸ್ಸು ನಿಂತುಬಿಟ್ಟರೆ ಉಳಿದವನ್ನು ಬಿಡಿ. ಲೂಥರನೂ ಪೀಟರನಿಗೆ ಇದನ್ನೇ ಹೇಳಿದ್ದ. ಕತ್ತಿ ಹಿಡಿದ ಕ್ಷೌರಿಕ ಹರಟುತ್ತ ಅತ್ತಿತ್ತ ನೋಡಿದರೆ ಗಿರಾಕಿಯ ಮೂಗೇ ಹೋದೀತು, ಪ್ರಾರ್ಥನೆಗೂ ಅಷ್ಟೇ ಗಮನ ಬೇಕೆಂದೂ ಎಚ್ಚರಿಸಿದ್ದ.

ಹೆಜ್ಜೆ 5: ಮೌನ, ಒಂದು ಸಾಲು

ಎರಡು ನಿಮಿಷ ಸುಮ್ಮನೆ ಕುಳಿತು, ದಿನವಿಡೀ ನೆನೆಯಬೇಕಾದ ಒಂದು ಸಾಲನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಬಸ್ಸಿನಲ್ಲಿ ಅದನ್ನೇ ಮೆಲುಕು ಹಾಕಬಹುದು.

ಇನ್ನು ಕೆಲವು

ಮನೆಮಂದಿಯೊಂದಿಗೆ: ಕೀರ್ತನೆಯ ಒಂದೊಂದು ವಚನವನ್ನು ಸರದಿಯಲ್ಲಿ ಓದಿ, ಮಕ್ಕಳಿಗೆ ನಾಲ್ಕರಲ್ಲಿ ಒಂದೇ ಪ್ರಶ್ನೆ ಕೇಳಿ. ಕೋಪದ ಕೀರ್ತನೆಗಳು (109, 137): ಹಾರಿಸಬೇಡಿ, ಆದರೆ ಶತ್ರುವಿನ ಜಾಗದಲ್ಲಿ ಓರಗಿತ್ತಿಯ ಹೆಸರು ಸೇರಿಸುವುದು ತಪ್ಪು. ಸಿಟ್ಟನ್ನು ದೇವರ ಕೈಗೊಪ್ಪಿಸುವುದಷ್ಟೇ ನಮ್ಮ ಪಾಲು. ಮಾತೇ ಹೊರಡದ ದಿನ: 88ನೇ ಕೀರ್ತನೆ ಕತ್ತಲಲ್ಲೇ ಮುಗಿಯುತ್ತದೆ, ಅದೂ ಪ್ರಾರ್ಥನೆಯೇ. ರೋಗಿಯ ಬಳಿ: ಐದಾರು ವಚನ ಸಾಕು, ನಡುವೆ ಪ್ರಸಂಗ ಬೇಡ, ಯಾವ ಭಾಗವೆಂದು ರೋಗಿಯನ್ನೇ ಕೇಳಿ.