ಎಚ್ಚರಿಕೆ ನಮ್ಮ ಮಾತಿನಲ್ಲಿ ಮುಟ್ಟಲಿ

ಪ್ರೀತಿಯ ತಮ್ಮಾ,

ಸೇವಾ ಸಂಸ್ಥೆಯ ಸ್ವಯಂಸೇವಕನಾಗಿ, ನೆರೆ ಬಂದಾಗ ಅಕ್ಕಲಕೋಟ ತಾಲೂಕಿನ ಹೊಳೆದಂಡೆಯ ಊರುಗಳಿಗೆ ಹೋಗಲು ಹೆಸರು ಕೊಟ್ಟಿದ್ದೀಯೆಂದು ತಿಳಿದು ಸಂತೋಷವಾಯಿತು. ಕೈಯಲ್ಲಿ ಒಳ್ಳೆಯ ಫೋನಿದೆ, ಡ್ರೋನ್ ಹಾರಿಸಲೂ ಕಲಿತಿದ್ದೀ. ಆದರೂ ಆ ಊರುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ನಿನ್ನ ಕನ್ನಡ.

2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿದ್ದಳು. 2025ರ ಸೆಪ್ಟೆಂಬರಿನಲ್ಲಿ ಸೀನಾ ನದಿ ಮಾಢಾ, ಮೋಹೋಳ ಕಡೆಯ ಊರುಗಳನ್ನು ಮುಳುಗಿಸಿತು. ಉಜನಿ ಅಣೆಕಟ್ಟಿನಿಂದ ಭೀಮೆಗೆ, ಕುರನೂರ ಅಣೆಕಟ್ಟಿನಿಂದ ಬೋರಿ ನದಿಗೆ ನೀರು ಬಿಡುವಾಗ ಸೂಚನೆ ಹೊರಡುತ್ತದೆ. 2023ರಲ್ಲಿ ಹಲವರ ಫೋನು ಒಮ್ಮೆಲೇ ಕೂಗಿದ್ದು ನೆನಪಿದೆಯಲ್ಲ? ದೂರಸಂಪರ್ಕ ಇಲಾಖೆ ಆಗ ತುರ್ತು ಸಂದೇಶದ ವ್ಯವಸ್ಥೆಯನ್ನು ಪರೀಕ್ಷಿಸುತ್ತಿತ್ತು. ಆದರೆ ನಮ್ಮ ಸೋಲಾಪುರ ಜಿಲ್ಲೆಯ ಸರಕಾರಿ ಕಾಗದ ಮರಾಠಿಯದು. ಶಾಲೆಯ ಮೆಟ್ಟಿಲು ಹತ್ತದ, ಮನೆಯಲ್ಲಿ ಕನ್ನಡವನ್ನೇ ಆಡುವ ಮುದುಕಿಗೆ ಅದರಲ್ಲಿನ ಕ್ಯುಸೆಕ್ ಲೆಕ್ಕ ಏನು ಹೇಳೀತು? ನೀರು ಯಾವ ಓಣಿಗೆ ಬರುತ್ತದೆ, ದನ ಎಲ್ಲಿಗೆ ಹೊಡೆಯಬೇಕು ಎಂಬುದು ಅವಳಿಗೆ ಬೇಕು. ಊರಿನ ಕಂದಾಯ ನೋಡುವ ತಲಾಠಿಯನ್ನೋ ಊರಿನ ಪೊಲೀಸ್ ಪಾಟೀಲರನ್ನೋ ಕೇಳಿ ಖಚಿತಮಾಡಿಕೊಂಡು, ನಿನ್ನ ದನಿಯಲ್ಲೇ ಧ್ವನಿಸಂದೇಶ ಮಾಡು:

"ನಮಸ್ಕಾರ್ರೀ. ಇವತ್ತ ಬುಧವಾರ, ಮಧ್ಯಾಹ್ನ ಮೂರು ಗಂಟೆ. ತಲಾಠಿಯವರು ಹೇಳ್ಯಾರ, ರಾತ್ರಿ ಹೊಳಿ ನೀರು ಏರತೈತಿ. ದಂಡಿ ಓಣಿ ಮಂದಿ ಹೊತ್ತು ಮುಳುಗೂದರಾಗ ಸಾಲಿಗೆ ಬರ್ರಿ. ದನಾ ದಿಬ್ಬದ ಮ್ಯಾಲ ಕಟ್ರಿ."

ಇಷ್ಟು ಸಾಕು. ಅದನ್ನೇ ಗುಡಿಯ ಮೈಕಿನಲ್ಲೂ ಹೇಳಿಸು. ಫೋನಿಲ್ಲದ ಮನೆಗಳು ಇನ್ನೂ ಇವೆ.

ವಾರ, ಹೊತ್ತು, ಹೇಳಿದವರು ಯಾರು ಎಂಬುದನ್ನು ಎಂದೂ ಬಿಡಬೇಡ. 2018ರ ಕೇರಳದ ನೆರೆಯಲ್ಲಿ ಸಾವಿರಾರು ಯುವಕರು ಫೋನ್ ಹಿಡಿದು ಕುಳಿತು ಜೀವ ಉಳಿಸಿದರು. ಆಗಲೂ, ಪಾರಾದವರ ಹಳೆಯ ಮೊರೆಗಳು ಒಬ್ಬರಿಂದೊಬ್ಬರಿಗೆ ದಾಟುತ್ತಲೇ ಇದ್ದವು. ಹೊತ್ತು ಬರೆಯದ ಸಂದೇಶ ದೋಣಿಯನ್ನು ಖಾಲಿ ಮನೆಗೆ ಕಳಿಸುತ್ತದೆ. ಅಷ್ಟರಲ್ಲಿ ಇನ್ನೊಂದು ಮನೆಯವರು ಮಾಳಿಗೆಯ ಮೇಲೆ ಕಾಯುತ್ತಿರುತ್ತಾರೆ. "ಅಣೆಕಟ್ಟು ಒಡೆಯಿತು" ಎಂಬ ಸುದ್ದಿ ಬಂದರೆ ಮುಂದಕ್ಕೆ ತಳ್ಳುವ ಮೊದಲು 1077ಕ್ಕೆ ಫೋನ್ ಮಾಡಿ ಜಿಲ್ಲಾ ನಿಯಂತ್ರಣ ಕೊಠಡಿಯನ್ನು ಕೇಳು. ಪಾರಾದವರ ಸುದ್ದಿಯನ್ನೂ ಅಷ್ಟೇ ತಪ್ಪದೆ ತಿಳಿಸು.

ಕರೆಂಟು ಹೋಗಿ ಟವರಿನ ಬ್ಯಾಟರಿ ಮುಗಿದ ಮೇಲೆ ಇದ್ಯಾವುದೂ ನಡೆಯದು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಕಿಲ್ಲಾರಿಯಲ್ಲಿ ಭೂಮಿ ನಡುಗಿದಾಗ ಸೋಲಾಪುರದ ಗೋಡೆಗಳೂ ಅಲುಗಿದ್ದವು. ಸುಮಾರು ಹತ್ತು ಸಾವಿರ ಜನ ಸತ್ತ ಆ ನೆಲದಲ್ಲಿ ಸುದ್ದಿ ಸಾಗಿಸಲು, ಟವರಿನ ಹಂಗಿಲ್ಲದ ಹ್ಯಾಮ್ ರೇಡಿಯೋದ ಹವ್ಯಾಸಿಗಳು ದುಡಿದರು. ಹನ್ನೆರಡು ವರ್ಷ ತುಂಬಿದವರು ಯಾರು ಬೇಕಾದರೂ ಪರೀಕ್ಷೆ ಬರೆದು ಆ ರೇಡಿಯೋದ ಲೈಸೆನ್ಸ್ ಪಡೆಯಬಹುದು. ನೀನು ಬರೆಯಲೇಬೇಕು ಎಂಬುದು ನನ್ನ ಆಸೆ.

ನಿರಾಶ್ರಿತರ ಶಿಬಿರದಲ್ಲಿ, ಒದ್ದೆ ಸೀರೆಯಲ್ಲಿ ಕುಳಿತ ತಾಯಂದಿರ ಫೋಟೋ ತೆಗೆದು ಗುಂಪುಗಳಿಗೆ ಹಾಕಬೇಡ. ಯಾರು ಕೇಳಿದರೂ ಬೇಡ.

ಮಳೆಗಾಲಕ್ಕೆ ಮೊದಲು ಒಮ್ಮೆ ಆ ಊರುಗಳನ್ನು ಸುತ್ತಿ ಬಾ. ಒಬ್ಬರೇ ಇರುವ ಮುದುಕರು, ದಿನ ತುಂಬಿದ ಬಸುರಿಯರು, ಕಿವಿ ಕೇಳದವರು ಯಾವ ಮನೆಯಲ್ಲಿದ್ದಾರೆ, ಅವರ ಬಾಗಿಲು ಬಡಿಯುವ ನೆರೆಯವರು ಯಾರು ಎಂದು ಕೇಳಿ ಬರೆದಿಡು. ಹಾಳೆಯ ಮೇಲೇ ಬರೆದು, ಒಂದು ಪ್ರತಿಯನ್ನು ಪೊಲೀಸ್ ಪಾಟೀಲರ ಕೈಗೆ ಕೊಟ್ಟು ಬಾ.

ಇಂತಿ ನಿನ್ನ ಕಾಕಾ,
ಸೋಲಾಪುರ