ಸೈಕಲ್ ರಿಕ್ಷಾಕ್ಕೂ ಲೈಸೆನ್ಸ್

ನಮ್ಮ ಕಡೆ ಬಸ್ಸು ಇದೆ. ಆಟೋ ಇದೆ. ಉತ್ತರ ಭಾರತದ ಊರುಗಳಲ್ಲಿ ಇನ್ನೊಂದು ಗಾಡಿ ಇದೆ. ಅದೇ ಸೈಕಲ್ ರಿಕ್ಷಾ. ಅದಕ್ಕೆ ಮೂರು ಗಾಲಿ. ಹಿಂದೆ ಜನ ಕೂರುವ ಸೀಟು. ಮುಂದೆ ಒಬ್ಬ ಕೂತು ಪೆಡಲ್ ತುಳಿಯುತ್ತಾನೆ. ಪೆಟ್ರೋಲ್ ಬೇಡ. ಕಾಲಿನ ಬಲವೇ ಬಲ.

ಇದಕ್ಕೂ ಲೈಸೆನ್ಸ್ ಬೇಕಾ? ಬೇಕು. ಇಂಜಿನ್ ಇರುವ ಗಾಡಿಗೆ ಆರ್.ಟಿ.ಓ. ಕಚೇರಿ. ಸೈಕಲ್ ರಿಕ್ಷಾಕ್ಕೆ ಊರಿನ ನಗರಸಭೆ ಅಥವಾ ಪಾಲಿಕೆ. ಬ್ರೇಕ್ ಸರಿ ಇರಬೇಕು. ರಾತ್ರಿ ದೀಪ ಇರಬೇಕು. ಹತ್ತಿದವರ ಜೀವಕ್ಕೆ ಅಪಾಯ ಆಗಬಾರದು. ಇಂಥ ನಿಯಮ ಒಳ್ಳೆಯದೇ.

ಆದರೆ ನಿಯಮವೇ ಸರಿ ಇಲ್ಲದಿದ್ದರೆ? ದೆಹಲಿಯಲ್ಲಿ ಏನಾಯ್ತು, ನೋಡೋಣ.

ದೆಹಲಿ ಪಾಲಿಕೆ 1960ರಲ್ಲಿ ಉಪನಿಯಮ ಮಾಡಿತು. ಗಾಡಿಗೆ ಒಂದು ಲೈಸೆನ್ಸ್. ತುಳಿಯುವವನಿಗೆ ಇನ್ನೊಂದು. ಗಾಡಿಯ ಮಾಲೀಕನೇ ಗಾಡಿ ತುಳಿಯಬೇಕು. ಒಬ್ಬರಿಗೆ ಒಂದೇ ಗಾಡಿ. ವಿಧವೆಯರಿಗೆ, ಅಂಗವಿಕಲರಿಗೆ ಮಾತ್ರ ಹೆಚ್ಚು ಗಾಡಿ ಇಡಲು ಅವಕಾಶ ಇತ್ತು.

ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಬಡವರ ಕೈಲಿ ಗಾಡಿ ಕೊಳ್ಳುವಷ್ಟು ದುಡ್ಡು ಎಲ್ಲಿ? ಬಿಹಾರ, ಉತ್ತರ ಪ್ರದೇಶದ ಹಳ್ಳಿಗಳಿಂದ ಅವರು ದುಡಿಯಲು ಬಂದವರು. ದಿನದ ಬಾಡಿಗೆಗೆ ಗಾಡಿ ತರುತ್ತಿದ್ದರು. ನಿಯಮದ ಪ್ರಕಾರ ಅದೇ ತಪ್ಪಾಯ್ತು! ಮೇಲೆ ಇನ್ನೊಂದು ಮಿತಿ. 99,000ಕ್ಕಿಂತ ಹೆಚ್ಚು ಲೈಸೆನ್ಸ್ ಕೊಡುವಂತಿಲ್ಲ. ಬೀದಿಯಲ್ಲಿ ಇದ್ದ ಗಾಡಿಗಳೋ ಲಕ್ಷಗಟ್ಟಲೆ.

ಲೈಸೆನ್ಸ್ ಇಲ್ಲದ ಗಾಡಿಯನ್ನು ಪಾಲಿಕೆಯವರು ಜಪ್ತಿ ಮಾಡುತ್ತಿದ್ದರು. ಮುರಿದು ಗುಜರಿಗೂ ಹಾಕುತ್ತಿದ್ದರು. ಗಾಡಿ ಹೋದರೆ ಅಂದಿನ ಕೂಲಿ ಹೋಯ್ತು. ಊರಲ್ಲಿ ಹೆಂಡತಿ ಹಣದ ದಾರಿ ಕಾಯುತ್ತಿದ್ದಳು. ಅವಳ ಒಲೆ ಉರಿಯುವುದು ಹೇಗೆ?

ಮಾನುಷಿ ಎಂಬ ಸಂಘಟನೆ ನ್ಯಾಯಾಲಯಕ್ಕೆ ಹೋಯಿತು. 2010ರ ಫೆಬ್ರುವರಿಯಲ್ಲಿ ದೆಹಲಿ ಹೈಕೋರ್ಟ್ ತೀರ್ಪು ಕೊಟ್ಟಿತು. 99,000ದ ಮಿತಿ ಸರಿಯಲ್ಲ. ಮಾಲೀಕನೇ ತುಳಿಯಬೇಕು ಎಂಬುದೂ ಸರಿಯಲ್ಲ. ದುಡಿದು ತಿನ್ನುವ ಹಕ್ಕು ಬಡವರಿಗೂ ಇದೆ. 2012ರಲ್ಲಿ ಸುಪ್ರೀಂ ಕೋರ್ಟ್ ಕೂಡ ಈ ತೀರ್ಪನ್ನು ಎತ್ತಿ ಹಿಡಿಯಿತು.

ಹಾಗಂತ ನಿಯಮವೇ ಬೇಡ ಅಂತಲ್ಲ. ಬ್ರೇಕ್ ಬೇಕು, ದೀಪ ಬೇಕು. ನಿಯಮ ಜೀವ ಕಾಯಬೇಕು. ಅನ್ನ ಕಸಿಯಬಾರದು.

ಇದರಿಂದ ನಾವು ಏನು ಕಲಿಯೋಣ? ನಮ್ಮಲ್ಲೂ ಅಂಗಡಿ, ಹೋಟೆಲ್ ಇಡಲು ಪಂಚಾಯಿತಿ ಅಥವಾ ನಗರಸಭೆಯ ಲೈಸೆನ್ಸ್ ಬೇಕು. ನಮಗೀಗ ಓದು ಬಂದಿದೆ. ಲೈಸೆನ್ಸ್ ಕೈಗೆ ಬಂದಾಗ ನಾವೇ ಓದೋಣ. ಹೆಸರು ಸರಿ ಇದೆಯಾ? ಯಾವ ತಾರೀಖಿನವರೆಗೆ ಇದೆ? ದುಡ್ಡು ಕಟ್ಟಿದರೆ ರಸೀದಿ ಕೇಳೋಣ. ಯಾರಾದರೂ ಸಾಮಾನು ಜಪ್ತಿ ಮಾಡಿದರೆ, "ಯಾವ ನಿಯಮ ಸ್ವಾಮಿ? ಬರೆದು ಕೊಡಿ" ಅಂತ ಕೇಳೋಣ. ಒಬ್ಬರೇ ಹೆದರುವುದು ಬೇಡ. ಸಂಘದವರು ಕೂಡಿ ಹೋಗೋಣ.

ಹೊಸ ಪದಗಳು

ಉಪನಿಯಮ – ಪಾಲಿಕೆ, ಪಂಚಾಯಿತಿ ಮಾಡುವ ನಿಯಮ
ಜಪ್ತಿ – ಅಧಿಕಾರಿಗಳು ವಶಕ್ಕೆ ತೆಗೆದುಕೊಳ್ಳುವುದು
ಮಿತಿ – ಇಷ್ಟೇ ಎಂಬ ಲೆಕ್ಕ

ಉತ್ತರ ಹೇಳಿ

1. ಸೈಕಲ್ ರಿಕ್ಷಾಕ್ಕೆ ಲೈಸೆನ್ಸ್ ಕೊಡುವವರು ಯಾರು?
2. 2010ರಲ್ಲಿ ಹೈಕೋರ್ಟ್ ಏನು ಹೇಳಿತು?
3. ನಿಮ್ಮ ಮನೆಯಲ್ಲಿ ಇರುವ ಒಂದು ರಸೀದಿ ತನ್ನಿ. ಅದರ ಹೆಸರು, ತಾರೀಖು, ಹಣ ಓದಿ ಹೇಳಿ.