ಸೋಲಾರ್ ಬ್ಯಾಟರಿಯ ಹಸಿವು, ಬಾಯಾರಿಕೆ

ಹತ್ತು ಕನ್ಯೆಯರ ಸಾಮತಿ ನಮಗೆ ಗೊತ್ತು. ದೀಪವಿದ್ದರೆ ಸಾಲದು, ಎಣ್ಣೆಯೂ ಸಿದ್ಧವಿರಬೇಕು. ಲೈನಿನಿಂದ ದೂರವಿರುವ ತೋಟದ ಮನೆಗಳಲ್ಲಿ ಆ ಎಣ್ಣೆಯೇ ಸೋಲಾರ್ ಬ್ಯಾಟರಿ. ಅದು ಬೇಗ ಹಾಳಾದರೆ ಹೆಚ್ಚಾಗಿ ತಪ್ಪು ನಮ್ಮದೇ.

ನೀರು ಹಾಕುವ ಬ್ಯಾಟರಿಗೆ ಬೇಸಿಗೆಯಲ್ಲಿ ಬಾಯಾರಿಕೆ. ಚಾರ್ಜ್ ಆಗುವಾಗ ಒಳಗಿನ ನೀರು ಅನಿಲವಾಗಿ ಹೋಗುತ್ತದೆ. ತಿಂಗಳಿಗೊಮ್ಮೆ ನೋಡಿ, ಪೂರ್ತಿ ಚಾರ್ಜ್ ಆದ ಮೇಲೆ ಗುರುತಿನವರೆಗೆ ಡಿಸ್ಟಿಲ್ಡ್ ವಾಟರ್ ಹಾಕೋಣ. ಪ್ಲೇಟುಗಳು ಹೊರಗೆ ಕಾಣುತ್ತಿದ್ದರೆ ಮಾತ್ರ ಅವು ಮುಳುಗುವಷ್ಟನ್ನು ಮೊದಲೇ ಹಾಕಬೇಕು. ಬಾವಿ ನೀರೂ ಬೇಡ, ಆಸಿಡೂ ಬೇಡ.

ಮಳೆಗಾಲದಲ್ಲಿ ಅದಕ್ಕೆ ಹಸಿವು. ಅರೆಹೊಟ್ಟೆಯಲ್ಲಿ ವಾರಗಟ್ಟಲೆ ಇದ್ದರೆ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ. ಮತ್ತೆ ಬಿಸಿಲು ಬಂದರೂ ಹಳೆಯ ಶಕ್ತಿ ಬಾರದು. ಬೆಳಗ್ಗೆ ಬಿಸಿಲೇರುವ ಮುನ್ನ, ದೀಪ ಆರಿಸಿ ಅಳೆಯೋಣ. 12 ವೋಲ್ಟಿನ ಬ್ಯಾಟರಿ 12.7 ತೋರಿಸಿದರೆ ಹೊಟ್ಟೆ ತುಂಬಿದೆ, 12.2 ಎಂದರೆ ಸುಮಾರು ಅರ್ಧ ಖಾಲಿ. ಆಗ ಟಿ.ವಿ., ಫ್ಯಾನು ನಿಲ್ಲಿಸಿ ಮಕ್ಕಳ ಓದಿನ ದೀಪವೊಂದನ್ನೇ ಉಳಿಸಿಕೊಳ್ಳೋಣ.

ಆರೋಗ್ಯದ ಮಾತು: ಚಾರ್ಜ್ ಆಗುವಾಗ ಹೊರಡುವ ಜಲಜನಕ ಬೇಗ ಹೊತ್ತಿಕೊಳ್ಳುತ್ತದೆ. ಬ್ಯಾಟರಿ ಗಾಳಿಯಾಡುವ ಜಾಗದಲ್ಲಿರಲಿ. ಹತ್ತಿರ ಬೀಡಿ, ಮೇಣದ ಬತ್ತಿ ಬೇಡ. ಆಸಿಡ್ ಕಣ್ಣಿಗೆ ಹಾರಿದರೆ ಕನಿಷ್ಠ 15 ನಿಮಿಷ ಶುದ್ಧ ನೀರಿನಲ್ಲಿ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಬೇಕು. ಹಳೆಯ ಬ್ಯಾಟರಿಯನ್ನು ಅಂಗಳದಲ್ಲಿ ಒಡೆಯುವುದಂತೂ ಬೇಡವೇ ಬೇಡ. ಸೀಸವು ಮಕ್ಕಳ ಮಿದುಳಿಗೆ ವಿಷ. ಮಣ್ಣಿಗೆ ಸೇರಿದರೆ ಅಲ್ಲೇ ಉಳಿಯುತ್ತದೆ. ಅದನ್ನು ಮಾರಿದ ಅಂಗಡಿಗೇ ಹಿಂದಿರುಗಿಸೋಣ.

ದೇವರು ಕೊಟ್ಟ ಬಿಸಿಲಿಗೆ ಬೆಲೆಯಿಲ್ಲ. ಅದನ್ನು ಕೂಡಿಡುವ ಪಾತ್ರೆಯನ್ನು ಕಾಯುವ ಹೊಣೆ ನಮ್ಮದು.